ಒಂದು ಟೇಬಲ್ ಕೆಳಗಿಳಿಸಿ

ಟಿಟಿ ಹಾಲ್‌ಗಳ ಬೀಗದ ಕೈ ಇಟ್ಟುಕೊಂಡಿರುವ ಎಲ್ಲರಿಗೂ ನಮಸ್ಕಾರ.

ನೀವು ಕ್ಲಬ್ಬಿನ ಕಾರ್ಯದರ್ಶಿ ಇರಬಹುದು, ಶಾಲೆಯ ಪಿ.ಟಿ. ಮೇಷ್ಟ್ರು ಇರಬಹುದು, ಒಳಾಂಗಣ ಕ್ರೀಡಾಂಗಣ ನೋಡಿಕೊಳ್ಳುವವರು ಇರಬಹುದು, ಅಪಾರ್ಟ್‌ಮೆಂಟ್ ಸಂಘದ ಖಜಾಂಚಿ ಇರಬಹುದು. ಟೇಬಲ್ ಟೆನಿಸ್ ಟೇಬಲ್ ಇರುವ ಕೋಣೆಯ ಬೀಗದ ಕೈ ಯಾರ ಜೇಬಿನಲ್ಲಿದೆಯೋ ಅವರಿಗೆ ಈ ಪತ್ರ. ಕೇಳುವುದು ಇಷ್ಟೇ: ವೀಲ್‌ಚೇರಿನವರೂ ಆಡುವಂತೆ ಒಂದು ಟೇಬಲ್ ಕೆಳಗಿಳಿಸಿ. ಸಚಿವರಿಗೇ ಬರಿ ಮಾರಾಯ ಅಂದರು ಗೆಳೆಯರು. ಸಚಿವರಿಗೆ ಬರೆದರೆ ‘ಅಗತ್ಯ ಕ್ರಮಕ್ಕಾಗಿ ಕಳುಹಿಸಿದೆ’ ಅಂತ ಹಿಂಬರಹ ಬರುತ್ತದೆ, ಟೇಬಲ್ ಮಾತ್ರ ಇದ್ದಲ್ಲೇ ಇರುತ್ತದೆ. ಅದನ್ನು ಎತ್ತಿ ಇನ್ನೊಂದು ಕಡೆ ಇಡಬಲ್ಲವರು ನೀವು. ನಾನೂ ನಿಮ್ಮ ಪೈಕಿಯವನೇ. ಏಳು ವರ್ಷ ಆ ಬೀಗದ ಕೈ ನನ್ನ ಸ್ಕೂಟರಿನ ಕೀ ಜೊತೆ ಒಂದೇ ಗೊಂಚಲಿನಲ್ಲಿ ನೇತಾಡುತ್ತಿತ್ತು.

2021ರ ಆಗಸ್ಟ್ 29, ಭಾನುವಾರ. ಧ್ಯಾನ್‌ಚಂದ್ ಹುಟ್ಟಿದ ದಿನ, ಅಂದರೆ ರಾಷ್ಟ್ರೀಯ ಕ್ರೀಡಾ ದಿನ. ಬೆಳಿಗ್ಗೆ ಉಪ್ಪಿಟ್ಟಿನ ತಟ್ಟೆ ಹಿಡಿದು ಟಿವಿ ಮುಂದೆ ಕೂತಿದ್ದೆ. ಟೋಕಿಯೊ ಪ್ಯಾರಾಲಿಂಪಿಕ್ಸ್, ಮಹಿಳೆಯರ ಟೇಬಲ್ ಟೆನಿಸ್ ಸಿಂಗಲ್ಸ್, ಕ್ಲಾಸ್ 4ರ (ವೀಲ್‌ಚೇರಿನಲ್ಲಿ ಕೂತು ಆಡುವವರ ಒಂದು ವರ್ಗ) ಫೈನಲ್. ನಮ್ಮ ಭಾವಿನಾಬೆನ್ ಪಟೇಲ್ ಎದುರು ಚೀನಾದ ಝೌ ಯಿಂಗ್. 7–11, 5–11, 6–11. ಹತ್ತೊಂಬತ್ತು ನಿಮಿಷಕ್ಕೆ ಎಲ್ಲ ಮುಗಿಯಿತು, ಉಪ್ಪಿಟ್ಟು ಇನ್ನೂ ಅರ್ಧ ಹಾಗೇ ಇತ್ತು. ಸೋತರೂ ಕೊರಳಿಗೆ ಬೆಳ್ಳಿ. ಆ ಕೂಟದಲ್ಲಿ ದೇಶಕ್ಕೆ ಬಂದ ಮೊದಲ ಪದಕ ಅದು. ಪ್ಯಾರಾಲಿಂಪಿಕ್ಸ್ ಟೇಬಲ್ ಟೆನಿಸ್‌ನಲ್ಲಂತೂ ಅಲ್ಲಿಯವರೆಗೆ ನಮಗೆ ಒಂದೂ ಪದಕ ಇರಲಿಲ್ಲ. ಅವರಿಗಿಂತ ಮೊದಲು ಪ್ಯಾರಾಲಿಂಪಿಕ್ಸ್ ಪದಕ ಗೆದ್ದ ಭಾರತೀಯ ಮಹಿಳೆ ಎಂದರೆ ರಿಯೊದಲ್ಲಿ ಗುಂಡು ಎಸೆದ ದೀಪಾ ಮಲಿಕ್ ಒಬ್ಬರೇ.

ಅದಾಗಿ ಹದಿನೈದು ದಿನ ಆಗಿರಬೇಕು. ಕೋವಿಡ್‌ನಲ್ಲಿ ಮುಚ್ಚಿದ್ದ ನಮ್ಮ ಹಾಲ್ ಆಗಷ್ಟೇ ತೆರೆದಿತ್ತು. ಸಂಜೆ ಒಬ್ಬರು ಮಗಳನ್ನು ಬೆನ್ನ ಮೇಲೆ ಹೊತ್ತುಕೊಂಡು ಮೆಟ್ಟಿಲು ಹತ್ತಿ ಬಂದರು. ನಮ್ಮ ಹಾಲ್ ಇದ್ದದ್ದು ಮೊದಲ ಮಹಡಿಯಲ್ಲಿ, ಹತ್ತೊಂಬತ್ತು ಮೆಟ್ಟಿಲು. ವೀಲ್‌ಚೇರ್ ಕೆಳಗೆ ಸೈಕಲ್ ಸ್ಟ್ಯಾಂಡ್ ಪಕ್ಕ ಬಿಟ್ಟಿದ್ದರು. ‘ಟಿವೀಲಿ ನೋಡಿದಾಗಿಂದ ಒಂದೇ ಹಟ ಸಾರ್. ಒಂದ್ಸಲ ಬ್ಯಾಟ್ ಹಿಡೀಲಿ ಅಂತ ಕರ್ಕೊಂಡ್ ಬಂದೆ’ ಅಂದರು ಏದುಸಿರು ಬಿಡುತ್ತಾ. ಹುಡುಗಿಗೆ ಹನ್ನೊಂದೋ ಹನ್ನೆರಡೋ. ಪ್ಲಾಸ್ಟಿಕ್ ಕುರ್ಚಿಯೊಂದರಲ್ಲಿ ಕೂರಿಸಿದೆವು. ಅದರ ಕೈಗಳು ಅವಳ ಮೊಣಕೈಗೆ ಅಡ್ಡ ಬರುತ್ತಿದ್ದವು, ಕುರ್ಚಿ ಅತ್ತಿತ್ತ ಜರುಗುತ್ತಿರಲಿಲ್ಲ. ಆದರೂ ಕೈಗೆ ಎಟುಕುವ ಕಡೆ ಹಾಕಿದ ಬಾಲನ್ನೆಲ್ಲ ವಾಪಸ್ ಹಾಕಿದಳು. ಬಾಲ್ ನೆಟ್‌ಗೆ ತಾಗಿದಾಗ ನಾಲಿಗೆ ಕಚ್ಚಿಕೊಂಡು ‘ಇನ್ನೊಂದು ಹಾಕಿ ಅಂಕಲ್’ ಅನ್ನುತ್ತಿದ್ದಳು. ಹತ್ತು ನಿಮಿಷ ಆಡಿಸಿದೆ. ಹೊರಡುವಾಗ ಆ ತಂದೆ, ‘ದಿನಾ ಹೊತ್ಕೊಂಡ್ ಬರೋದು ಕಷ್ಟ ಸಾರ್. ಕೆಳಗಡೆ ಒಂದು ಟೇಬಲ್ ಹಾಕೋಕಾಗತ್ತಾ?’ ಅಂತ ಕೇಳಿದರು. ‘ಕಮಿಟೀಲಿ ಇಡ್ತೀನಿ’ ಅಂದೆ.

ಇಟ್ಟೆ. ‘ಇತರೆ ವಿಷಯಗಳು’ ಎಂಬಲ್ಲಿ, ಕೊನೆಯದಾಗಿ. ಅಷ್ಟರಲ್ಲಿ ಕಾಫಿ, ಮಂಡಕ್ಕಿ ಬಂದವು. ಒಂದು ಮಗುವಿಗೋಸ್ಕರ ಟೇಬಲ್ ಇಳಿಸೋದಾ, ಕೆಳಗಿನ ರೂಮಲ್ಲಿ ಶಾಮಿಯಾನದ ಕಂಬ ಇದೆಯಲ್ಲ, ಮಳೆಗಾಲದಲ್ಲಿ ನೆಲ ಥಂಡಿ ಹಿಡಿಯತ್ತೆ, ಎಂದು ನಾಲ್ಕು ಮಾತು ಬಂತು. ‘ಮುಂದಿನ ಸಭೆಗೆ’ ಎಂದು ನಾನೇ ನನ್ನ ಕೈಯಾರೆ ನಡಾವಳಿ ಪುಸ್ತಕದಲ್ಲಿ ಬರೆದೆ. ಆ ತಂದೆ ಮಗಳು ಮತ್ತೆ ಬರಲಿಲ್ಲ. ಅದೇ ಸಭೆಯಲ್ಲಿ ಭಾವಿನಾ ಅವರಿಗೆ ಅಭಿನಂದನಾ ನಿರ್ಣಯವನ್ನೂ ಅಂಗೀಕರಿಸಿದ್ದೆವು, ಸರ್ವಾನುಮತದಿಂದ!

ಇದು ತಲೆಯಲ್ಲಿ ಕೊರೆಯಲು ಶುರುವಾದ ಮೇಲೆ ಭಾವಿನಾ ಅವರ ಬದುಕನ್ನು ಹುಡುಕಿ ಹುಡುಕಿ ಓದಿದೆ. ಪತ್ರಿಕೆಯವರು ಬರೆದದ್ದರಲ್ಲಿ ಮುಕ್ಕಾಲು ಪಾಲು ಒಂದೇ ರಾಗ: ಅಂಗವೈಕಲ್ಯವನ್ನು ಮೆಟ್ಟಿ ನಿಂತ ಛಲಗಾತಿ, ನೋವನ್ನು ನುಂಗಿ ನಕ್ಕ ದಿಟ್ಟೆ. ಛಲ ಇಲ್ಲ ಅಂತಲ್ಲ. ಆದರೆ ಛಲವನ್ನೇ ಹಾಡಿ ಹೊಗಳುತ್ತಾ ಕೂತರೆ ನಮ್ಮಂಥ ಬೀಗದ ಕೈಯವರಿಗೆ ಬಹಳ ಅನುಕೂಲ. ಛಲ ಇದ್ದವರು ಹೇಗೋ ಮೇಲೆ ಬರುತ್ತಾರೆ, ಇಲ್ಲದವರಿಗೆ ಛಲ ಇರಲಿಲ್ಲ, ನಮ್ಮ ಕೈಯಲ್ಲಿ ಏನಿದೆ ಎಂದು ಕೈ ತೊಳೆದುಕೊಳ್ಳಬಹುದು.

ನಾನು ಓದಿಕೊಂಡ ಕತೆ ಬೇರೆ ಥರ ಇದೆ. ಗುಜರಾತಿನ ಮೆಹ್ಸಾಣಾ ಜಿಲ್ಲೆ, ವಡ್‌ನಗರದ ಹತ್ತಿರ ಸುಂಢಿಯಾ ಎಂಬ ಹಳ್ಳಿ. 1986ರ ನವೆಂಬರ್‌ನಲ್ಲಿ ಹುಟ್ಟಿದ ಮಗುವಿಗೆ ವರ್ಷ ತುಂಬುವ ಹೊತ್ತಿಗೆ ಪೋಲಿಯೊ. ತಂದೆ ಹಸ್ಮುಖಭಾಯಿ ಅವರದು ಊರಲ್ಲಿ ಒಂದು ಸಣ್ಣ ಅಂಗಡಿ. ಆ ಹಳ್ಳಿಯಲ್ಲೇ ಉಳಿದಿದ್ದರೆ ಭಾವಿನಾ ಟಿಟಿ ಬ್ಯಾಟ್ ಮುಟ್ಟುವ ಸಂದರ್ಭವೇ ಬರುತ್ತಿರಲಿಲ್ಲವೇನೋ. ಅವರು ಅಹಮದಾಬಾದಿಗೆ ಬಂದದ್ದು ಆಟಕ್ಕಲ್ಲ, ಐಟಿಐ ಕಂಪ್ಯೂಟರ್ ಕೋರ್ಸಿಗೆ. ವಸ್ತ್ರಾಪುರದ ಬ್ಲೈಂಡ್ ಪೀಪಲ್ಸ್ ಅಸೋಸಿಯೇಷನ್ ಎಂಬ ಸಂಸ್ಥೆಗೆ. ಹೆಸರಲ್ಲಿ ಅಂಧರಷ್ಟೇ ಇದ್ದರೂ ಬೇರೆ ಬೇರೆ ಅಂಗವೈಕಲ್ಯ ಇರುವವರೂ ಅಲ್ಲಿ ಕಲಿಯುತ್ತಾರೆ. ಅಲ್ಲಿ ಟಿಟಿ ಟೇಬಲ್ ಇತ್ತು, ವೀಲ್‌ಚೇರಿನವರು ಆಡಬಹುದಾದ ಜಾಗದಲ್ಲಿ ಇತ್ತು, ಹೇಳಿಕೊಡಲು ಲಲನ್ ದೋಷಿ ಎಂಬ ಕೋಚ್ ಇದ್ದರು. ಮೊದಮೊದಲು ಬರೀ ಹೊತ್ತು ಕಳೆಯಲು, ಮೈಗೆ ಒಂದಿಷ್ಟು ವ್ಯಾಯಾಮ ಆಗಲಿ ಎಂದು ಆಡಿದ್ದು. ಸುಮಾರು ಮೂರು ವರ್ಷಕ್ಕೆ ಮೊದಲ ರಾಷ್ಟ್ರೀಯ ಚಿನ್ನ. ಅದನ್ನು ಗೆದ್ದದ್ದು ಎಲ್ಲಿ ಗೊತ್ತೇ? ನಮ್ಮ ಬೆಂಗಳೂರಿನಲ್ಲಿ. ಆಗ ಇಲ್ಲಿಯ ಟಿಟಿ ಮಂದಿಗೆ ಈ ಹೆಸರು ತಿಳಿದಿತ್ತೇ? ನನಗಂತೂ ತಿಳಿದಿರಲಿಲ್ಲ, ವಾರಕ್ಕೆ ಐದು ದಿನ ಆಡುತ್ತಿದ್ದವನಿಗೆ.

ಇದು ಒಬ್ಬಳ ಛಲದ ಕತೆ ಮಾತ್ರ ಆಗಿದ್ದರೆ ಸೋನಲ್‌ಬೆನ್ ಪಟೇಲ್ ಅವರನ್ನು ಏನೆಂದು ವಿವರಿಸುತ್ತೀರಿ? ಅವರೂ ಅದೇ ಸಂಸ್ಥೆಯಲ್ಲಿ ಆಟ ಕಲಿತವರು. 2018ರ ಜಕಾರ್ತಾ ಏಷ್ಯನ್ ಪ್ಯಾರಾ ಗೇಮ್ಸ್‌ನಲ್ಲಿ ಇಬ್ಬರೂ ಜೋಡಿಯಾಗಿ ಡಬಲ್ಸ್ ಬೆಳ್ಳಿ ತಂದರು. 2022ರ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಕೂಟದಲ್ಲಿ ವೀಲ್‌ಚೇರ್ ಸಿಂಗಲ್ಸ್‌ನ ಚಿನ್ನ ಭಾವಿನಾಗೆ, ಅದೇ ಸ್ಪರ್ಧೆಯ ಕಂಚು ಸೋನಲ್‌ಗೆ. ಒಂದೇ ಸ್ಪರ್ಧೆಯ ಮೂರು ಪದಕಗಳಲ್ಲಿ ಎರಡು ಒಂದೇ ಊರಿನ ಒಂದೇ ಸಂಸ್ಥೆಯಲ್ಲಿ ಆಡಿ ಬೆಳೆದವರಿಗೆ. ದೈವ ಅಹಮದಾಬಾದಿನ ಮೇಲೆ ಮಾತ್ರ ಕಣ್ಣು ಬಿಟ್ಟಿತ್ತು ಅಂತ ನಾನು ನಂಬುವುದಿಲ್ಲ. ಅಲ್ಲಿ ಟೇಬಲ್ ವೀಲ್‌ಚೇರ್ ಹೋಗುವ ಕಡೆ ಇತ್ತು, ಅಷ್ಟೆ.

ಭಾವಿನಾ ಅವರ ದಾರಿ ಸಲೀಸಾಗಿ ಏನೂ ಇರಲಿಲ್ಲ. 2011ರಲ್ಲಿ ಥಾಯ್ಲೆಂಡ್ ಓಪನ್‌ನಲ್ಲಿ ಬೆಳ್ಳಿ ಗೆದ್ದು ವಿಶ್ವದ ಎರಡನೇ ರ‍್ಯಾಂಕ್‌ಗೆ ಏರಿದವರು. 2013ರಲ್ಲಿ ಏಷ್ಯನ್ ಚಾಂಪಿಯನ್‌ಷಿಪ್ ಬೆಳ್ಳಿ. 2016ರ ರಿಯೊಗೆ ಅರ್ಹತೆ ಪಡೆದೂ ತಾಂತ್ರಿಕ ಕಾರಣ ಎಂಬ ಎರಡು ಪದಕ್ಕೆ ಸಿಕ್ಕಿ ಹೋಗಲಾಗಲಿಲ್ಲ. ಮಧ್ಯೆ ಇಎಸ್‌ಐಸಿಯಲ್ಲಿ (ನೌಕರರ ರಾಜ್ಯ ವಿಮಾ ನಿಗಮ) ನೌಕರಿ, ನಿಕುಂಜ್ ಪಟೇಲ್ ಅವರ ಜೊತೆ ಮದುವೆ. ಲಾಕ್‌ಡೌನ್ ಬಂದಾಗ ಎಲ್ಲ ಹಾಲ್‌ಗಳಿಗೂ ಬೀಗ ಬಿತ್ತಲ್ಲ, ಆಗ ಮನೆಯಲ್ಲೇ ಟೇಬಲ್ ಹಾಕಿಕೊಂಡು ಆಡಿದರು. ಬಾಲ್ ಎಸೆಯುವ ರೋಬಾಟ್ ಮತ್ತು ಆಟಕ್ಕೆಂದೇ ಮಾಡಿದ ವೀಲ್‌ಚೇರ್ ಪದಕ ಗೆಲ್ಲಬಲ್ಲ ಆಟಗಾರರಿಗೆ ನೆರವು ಕೊಡುವ ಕೇಂದ್ರ ಸರ್ಕಾರದ ಟಾಪ್ಸ್ ಯೋಜನೆಯಿಂದ ಸಿಕ್ಕವು. ಅಂದರೆ ಟೋಕಿಯೊ ಬೆಳ್ಳಿಯ ಹಿಂದಿನ ಕೊನೆಯ ತಯಾರಿಯೂ ಮತ್ತೆ ಅದೇ: ಅವರು ಇರುವಲ್ಲಿಗೆ ಟೇಬಲ್ ಬಂದಿತ್ತು.

ಟೋಕಿಯೊದ ಆಟದ ಬಗ್ಗೆ ಒಂದಿಷ್ಟು ಹೇಳದೆ ಮುಂದೆ ಹೋಗಲಾರೆ, ಟಿಟಿ ಹುಚ್ಚಿನವನನ್ನು ಕ್ಷಮಿಸಿ. ಗುಂಪಿನ ಮೊದಲ ಪಂದ್ಯದಲ್ಲೇ ಇದೇ ಝೌ ಯಿಂಗ್ ಕೈಯಲ್ಲಿ 3–11, 9–11, 2–11 ಎಂದು ಚಚ್ಚಿಸಿಕೊಂಡರು. ಮುಂದಿನದು ಗೆಲ್ಲದಿದ್ದರೆ ಗಂಟುಮೂಟೆ. ಬ್ರಿಟನ್ನಿನ ಮೇಗನ್ ಶ್ಯಾಕಲ್‌ಟನ್ ಎದುರು ಒಂದೊಂದು ಗೇಮ್ ಸಮ. ಮೂರನೆಯದು 17–15, ನಾಲ್ಕನೆಯದು 13–11. ಅಷ್ಟು ದೂರ ಎಳೆದ ಗೇಮ್‌ನಲ್ಲಿ ಒಂದು ಬಾಲ್ ಅಂಚಿಗೆ ತಾಗಿದರೂ ಕತೆ ಬೇರೆಯಾಗುತ್ತಿತ್ತು. ಅಲ್ಲಿಂದ ಮುಂದೆ ಬ್ರೆಜಿಲ್‌ನ ಆಟಗಾರ್ತಿ, ಆಮೇಲೆ ಕ್ವಾರ್ಟರ್ ಫೈನಲ್‌ನಲ್ಲಿ ರಿಯೊ ಚಿನ್ನ ಗೆದ್ದಿದ್ದ ಸರ್ಬಿಯಾದ ಬೋರಿಸ್ಲಾವಾ ಪೆರಿಚ್ ರಾಂಕೊವಿಚ್, ನೇರ ಮೂರು ಗೇಮ್. ಸೆಮಿಫೈನಲ್‌ನಲ್ಲಿ ಚೀನಾದ ಝಾಂಗ್ ಮಿಯಾವ್. ಹಿಂದೆ ಒಮ್ಮೆಯೂ ಮಣಿಸಲಾಗದಿದ್ದ ಎದುರಾಳಿ. 7–11, 11–7, 11–4, 9–11, 11–8. ಕೊನೆಯ ಗೇಮ್ ನೋಡುವಾಗ ನಾನು ಕುರ್ಚಿಯಲ್ಲಿ ಕೂತಿರಲಿಲ್ಲ.

ವೀಲ್‌ಚೇರ್ ಟಿಟಿ ಅಂದರೆ ನಮ್ಮ ಆಟದ ಮೆತ್ತನೆಯ ಆವೃತ್ತಿ ಅಂದುಕೊಂಡವರು ಒಮ್ಮೆ ಕೂತು ಆಡಿ ನೋಡಿ. ಟೇಬಲ್ ಅದೇ, ಎತ್ತರ 76 ಸೆಂಟಿಮೀಟರ್ ಅದೇ, ನೆಟ್ ಅದೇ, ಬಾಲ್ ಅದೇ. ಕ್ಲಾಸ್ 1ರಿಂದ 5ರವರೆಗೆ ಕೂತು ಆಡುವವರು, 6ರಿಂದ 10 ನಿಂತು ಆಡುವವರು, 11 ಬೌದ್ಧಿಕ ಅಂಗವೈಕಲ್ಯ ಇರುವವರು. ಭಾವಿನಾ ಅವರ ಕ್ಲಾಸ್ 4ರಲ್ಲಿ ಕೈಗಳಿಗೆ ಪೂರ್ತಿ ಬಲ ಇರುತ್ತದೆ, ಕೂತಲ್ಲಿ ಸಮತೋಲವೂ ಇರುತ್ತದೆ, ಆದರೆ ಸೊಂಟದಿಂದ ಮುಂದಕ್ಕೂ ಪಕ್ಕಕ್ಕೂ ಬೇಕಾದಷ್ಟು ಬಾಗಲಾಗುವುದಿಲ್ಲ. ಹಾಗಾಗಿ ನೆಟ್ ಹತ್ತಿರ ಮೆಲ್ಲಗೆ ಇಳಿಸಿದ ಬಾಲೇ ಅಲ್ಲಿ ಬ್ರಹ್ಮಾಸ್ತ್ರ. ನಾವು ಒಂದು ಹೆಜ್ಜೆ ಮುಂದಿಟ್ಟು ಎತ್ತಿಬಿಡುವ ಬಾಲ್ ಅವರಿಗೆ ಮೈಲಿ ದೂರ. ಹೊಡೆಯುವಾಗ ತೊಡೆಯ ಹಿಂಭಾಗ ಸೀಟಿನಿಂದ ಪೂರ್ತಿ ಮೇಲೆದ್ದರೆ ಪಾಯಿಂಟ್ ಹೋಯಿತು. ಪಾದ ನೆಲಕ್ಕೆ ತಾಗುವಂತಿಲ್ಲ. ಸರ್ವ್ ಮಾಡಿದ ಬಾಲ್ ಎದುರಾಳಿಯ ಕಡೆ ಪಕ್ಕದ ಅಂಚಿನಿಂದ ಹೊರಬಿದ್ದರೆ, ಅಲ್ಲೇ ನಿಂತರೆ, ತಿರುಗಿ ನೆಟ್ ಕಡೆ ಬಂದರೆ, ಅದು ಲೆಟ್, ಮತ್ತೆ ಹಾಕಬೇಕು. ಈ ಒಂದು ನಿಯಮದಿಂದ ನನ್ನ ನಲವತ್ತು ವರ್ಷದ ಕಳ್ಳ ಸರ್ವೀಸೆಲ್ಲ ಮಣ್ಣುಪಾಲಾಯಿತು. ಹೇಗೆ ಅಂತ ಮುಂದೆ ಹೇಳುತ್ತೇನೆ.

ಪದಕ ಬಂದ ಮೇಲೆ ಗುಜರಾತ್ ಸರ್ಕಾರ 3 ಕೋಟಿ ರೂಪಾಯಿ ಘೋಷಿಸಿತು, ಅದೇ ವರ್ಷ ಅರ್ಜುನ ಪ್ರಶಸ್ತಿಯೂ ಬಂತು. ಬರಲಿ, ಇನ್ನಷ್ಟು ಬರಲಿ. ನಮ್ಮಲ್ಲೂ ಕೋಟದಲ್ಲಿ ಹುಟ್ಟಿದ ಮಾಲತಿ ಹೊಳ್ಳ ಅವರಿಗೆ 1995ರಲ್ಲಿ ಅರ್ಜುನ, 2001ರಲ್ಲಿ ಪದ್ಮಶ್ರೀ ಬಂದಿವೆ. ವೀಲ್‌ಚೇರಿನಲ್ಲಿ ಕೂತು ನಾಲ್ಕು ಪ್ಯಾರಾಲಿಂಪಿಕ್ಸ್ ಕಂಡವರು ಅವರು. ಶಾಲು, ಹಾರ, ಫಲತಾಂಬೂಲದಲ್ಲಿ ನಾವು ಯಾರಿಗೂ ಕಡಿಮೆ ಇಲ್ಲ. ನಾನು ಕೇಳುತ್ತಿರುವುದು ಪದಕಕ್ಕೆ ಹದಿನೈದು ವರ್ಷ ಮುಂಚಿನ ಮಾತು. ಬ್ಯಾಟ್ ಹಿಡಿಯಲೂ ಬಾರದ, ಮುಂದೆ ಏನಾಗುತ್ತಾರೋ ಯಾರಿಗೂ ಗೊತ್ತಿಲ್ಲದ, ಬಹುಶಃ ಏನೂ ಆಗದ ಮಕ್ಕಳ ಮಾತು. ಹೊತ್ತು ಹೋಗಲಿ ಅಂತ ಆಡಲಿಕ್ಕೂ ಅವರಿಗೆ ಒಂದು ಟೇಬಲ್ ಬೇಕಲ್ಲ. ನಾವೆಲ್ಲ ಹಾಗೇ ತಾನೇ ಆಡುತ್ತಿರುವುದು? ನಮ್ಮ ಕ್ಲಬ್ಬಿನಲ್ಲಿ ಈವರೆಗೆ ಒಬ್ಬನೂ ರಾಜ್ಯಮಟ್ಟದಲ್ಲಿ ಎರಡನೇ ಸುತ್ತು ದಾಟಿಲ್ಲ. ಅದಕ್ಕಾಗಿ ಯಾರೂ ನಮ್ಮನ್ನು ಹೊರಗೆ ಹಾಕಿಲ್ಲ.

ಕಾನೂನಿನ ಮಾತು ಬೇಕಿದ್ದರೆ ಅದೂ ಇದೆ. ಅಂಗವಿಕಲರ ಹಕ್ಕುಗಳ ಕಾಯ್ದೆ, 2016. ಅದರ 30ನೇ ಸೆಕ್ಷನ್ ಪೂರ್ತಿ ಆಟದ ಬಗ್ಗೆಯೇ ಇದೆ. ಆಟದ ಜಾಗಗಳನ್ನು ಬದಲಾಯಿಸಿ ಕೊಡಿ ಎಂದು ಅದರಲ್ಲಿ ಬಿಡಿಸಿ ಬರೆದಿದೆ. ಜನ ಬಳಸುವ ಖಾಸಗಿ ಕಟ್ಟಡವೂ ಆ ಕಾಯ್ದೆಯ ಲೆಕ್ಕದಲ್ಲಿ ಸಾರ್ವಜನಿಕ ಕಟ್ಟಡವೇ. ಈಗಿರುವ ಕಟ್ಟಡಗಳನ್ನು ಸರಿಪಡಿಸಲು ಕೊಟ್ಟ ಐದು ವರ್ಷದ ಗಡುವು 2022ರಲ್ಲೇ ಮುಗಿದಿದೆ. 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಇವನ್ನೆಲ್ಲ ಬರೀ ಸಲಹೆಯ ಮಟ್ಟದಲ್ಲಿ ಇಟ್ಟರೆ ಆಗದು, ಕಡ್ಡಾಯದ ಮಾನದಂಡ ಮಾಡಿ ಎಂದು ಕೇಂದ್ರಕ್ಕೆ ಹೇಳಿತು. ದುಡ್ಡಿಲ್ಲ ಎನ್ನುವವರಿಗೆ: ಗ್ರಾಮ ಪಂಚಾಯಿತಿ, ನಗರಸಭೆಗಳಲ್ಲಿ ವಿಕಲಚೇತನರಿಗೆಂದೇ ಶೇ 5ರ ನಿಧಿ ಇರುತ್ತದೆ, ವರ್ಷದ ಕೊನೆಗೆ ಎಲ್ಲಿ ಖರ್ಚು ಮಾಡೋಣ ಎಂದು ತಲೆ ಕೆರೆದುಕೊಳ್ಳುವವರೂ ಇರುತ್ತಾರೆ. ಕೇಳಿ ನೋಡಿ.

ಇನ್ನು ನಮ್ಮ ಕ್ಲಬ್ಬಿನ ಉಳಿದ ಕತೆ. 2024ರಲ್ಲಿ ಪ್ಯಾರಿಸ್ ಬಂತು. ಭಾವಿನಾಗೆ ಕ್ವಾರ್ಟರ್ ಫೈನಲ್‌ನಲ್ಲಿ ಮತ್ತೆ ಅದೇ ಝೌ ಯಿಂಗ್. 12–14, 9–11, 11–8, 6–11. ಸೋತರು, ಆದರೆ ಟೋಕಿಯೊದಲ್ಲಿ ಎರಡು ಪಂದ್ಯ ಆಡಿಯೂ ಒಂದು ಗೇಮ್ ಬಿಟ್ಟುಕೊಡದವಳ ಕೈಯಿಂದ ಈ ಸಲ ಒಂದನ್ನು ಕಿತ್ತುಕೊಂಡರು. ಮೂರು ವರ್ಷದಲ್ಲಿ ಅವರು ಅಷ್ಟು ದೂರ ಹೋಗಿದ್ದರು. ಅದೇ ಮೂರು ವರ್ಷದಲ್ಲಿ ನಾನು ಹತ್ತೊಂಬತ್ತು ಮೆಟ್ಟಿಲು ಒಂದು ಟೇಬಲ್ ಇಳಿಸಿರಲಿಲ್ಲ.

ದೀಪಾವಳಿ ಕಳೆದ ಮೇಲೆ ಇಳಿಸಿದೆವು. ಕಮಿಟಿ ಸಭೆ ಕರೆಯಲಿಲ್ಲ, ನಾಲ್ಕು ಜನರನ್ನು ಕರೆದೆ. ಟೇಬಲ್ ಎರಡು ಭಾಗವಾಗಿ ಬಿಚ್ಚಿಕೊಳ್ಳುತ್ತದೆ ಎಂಬುದು ಎಲ್ಲರಿಗೂ ಗೊತ್ತೇ ಇತ್ತು. ತಿರುವಿನಲ್ಲಿ ಒಮ್ಮೆ ಗೋಡೆಗೆ ತಾಗಿ ಒಂದು ಮೂಲೆಯ ಬಣ್ಣ ಕಿತ್ತಿತು, ಅಷ್ಟೇ ನಷ್ಟ. ಮುಕ್ಕಾಲು ಗಂಟೆ. ಶಾಮಿಯಾನದ ಕಂಬಗಳು ಮಹಡಿಗೆ ಹೋದವು. ಅವು ತಕರಾರು ಮಾಡಲಿಲ್ಲ. ಕೆಳಗಿನ ಕೋಣೆಯ ಬಾಗಿಲಿಗೆ ಮೂರು ಮೆಟ್ಟಿಲು ಇದ್ದವು, ಒಟ್ಟು ಒಂದೂವರೆ ಅಡಿ ಎತ್ತರ. ಗಾರೆಯವರು ನಾಲ್ಕಡಿ ಉದ್ದದ ರ‍್ಯಾಂಪ್ ಹಾಕಿಬಿಡ್ತೀನಿ ಅಂದರು. ಬೈಕ್ ಹತ್ತಿಸಲು ಅದು ಸಾಕು, ವೀಲ್‌ಚೇರಿಗೆ ಅದು ಜಾರುಬಂಡೆ. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಎಂಬುದು ಲೆಕ್ಕ. ಹದಿನೆಂಟು ಅಡಿ ಬೇಕಾಯಿತು, ಕಾರ್ಯದರ್ಶಿಗಳು ಸ್ಕೂಟರ್ ನಿಲ್ಲಿಸುತ್ತಿದ್ದ ಜಾಗ ಹೋಯಿತು.

ವಿಷಯ ತಿಳಿಸಿದ್ದು ನಗರಸಭೆಯ ಪುನರ್ವಸತಿ ಕಾರ್ಯಕರ್ತರೊಬ್ಬರಿಗೆ. ನಾವು ಇಷ್ಟು ವರ್ಷ ‘ಅಂಥ ಮಕ್ಕಳು ನಮ್ಮೂರಲ್ಲಿ ಎಲ್ಲಿದ್ದಾರೆ’ ಎನ್ನುತ್ತಿದ್ದೆವು. ಅವರ ಪುಸ್ತಕದಲ್ಲಿ ಹೆಸರು, ಬೀದಿ, ಫೋನ್ ನಂಬರ್ ಸಮೇತ ಎಲ್ಲರೂ ಇದ್ದರು. ಮೊದಲ ವಾರ ಒಬ್ಬ ಹುಡುಗ, ಆಮೇಲೆ ಬ್ಯಾಂಕಿನಲ್ಲಿ ಕೆಲಸ ಮಾಡುವ ಒಬ್ಬ ಹೆಣ್ಣುಮಗಳು. ಹುಡುಗ ಟೇಬಲ್ಲಿಗೆ ಹತ್ತಿರ ಬಂದಾಗ ಅವನ ಕಾಲಿಡುವ ಪಟ್ಟಿ ಟೇಬಲ್ಲಿನ ಕಾಲಿಗೆ ಟಣ್ ಎಂದು ಬಡಿಯಿತು. ಆಗ ನಿಯಮ ಪುಸ್ತಕ ತೆಗೆದು ನೋಡಿದೆ. ವೀಲ್‌ಚೇರ್ ಆಟಕ್ಕೆ ಟೇಬಲ್ಲಿನ ಕಾಲುಗಳು ಹಿಂಬದಿಯ ಅಂಚಿನಿಂದ ಕನಿಷ್ಠ 40 ಸೆಂಟಿಮೀಟರ್ ಒಳಗಿರಬೇಕು. ನಮ್ಮದರಲ್ಲಿ ಒಂದು ಗೇಣು ಇತ್ತು. ವೆಲ್ಡಿಂಗ್ ಅಂಗಡಿಯವನು ಕಾಲುಗಳನ್ನು ಒಳಕ್ಕೆ ಸರಿಸಿ ಬೆಸೆದುಕೊಟ್ಟ.

ಆ ಹುಡುಗನ ಎದುರು ನಾನು ಅವನದೇ ಥರದ ಕುರ್ಚಿಯಲ್ಲಿ ಕೂತು ಆಡುತ್ತೇನೆ. ನನ್ನ ಹಳೆಯ ಸೈಡ್ ಸರ್ವೀಸು ಹಾಕಿದಾಗೆಲ್ಲ ಅವನು ಬ್ಯಾಟ್ ಕೆಳಗಿಟ್ಟು ‘ಲೆಟ್ ಅಂಕಲ್, ಪಕ್ಕಕ್ಕೆ ಹೋಯ್ತು’ ಎಂದು ನಗುತ್ತಾನೆ. ಕಳೆದ ತಿಂಗಳು ಮೊದಲ ಸಲ ನನ್ನನ್ನು ಸೋಲಿಸಿದ. ನೆಟ್ ಹತ್ತಿರ ಇಳಿಸಿದ ಬಾಲು, ನಾನು ಮುಂದಕ್ಕೆ ಬಾಗಿ ಬಾಗಿ ಎಟುಕದೆ ಕೂತಿದ್ದೆ.

2021ರಲ್ಲಿ ಬಂದಿದ್ದ ಆ ತಂದೆ ಮಗಳನ್ನೂ ಹುಡುಕಿದೆ. ಬಾಡಿಗೆ ಮನೆ ಖಾಲಿ ಮಾಡಿ ಬೇರೆ ಊರಿಗೆ ಹೋದರು ಅಂತ ಪಕ್ಕದ ಮನೆಯವರು ಹೇಳಿದರು. ಯಾವ ಊರು ಅಂತ ಅವರಿಗೂ ತಿಳಿಯದು. ಈಗ ಅವಳಿಗೆ ಹದಿನೈದಾದರೂ ಆಗಿರಬೇಕು. ಈ ಪತ್ರವನ್ನು ನನ್ನೂರಿನ ಕ್ಲಬ್ಬಿಗಷ್ಟೇ ಬರೆಯದೆ ನಿಮಗೆಲ್ಲ ಬರೆಯಲು ಅದೇ ಕಾರಣ. ಅವಳು ಈಗಿರುವುದು ನಿಮ್ಮ ಊರಿನಲ್ಲಿ ಇರಬಹುದು.

ಇತಿ,
ಒಂದು ಸಣ್ಣ ಊರಿನ ಟಿಟಿ ಕ್ಲಬ್ಬಿನ ಮಾಜಿ ಕಾರ್ಯದರ್ಶಿ

ವಿ.ಸೂ.: ಹೊಸ ಟೇಬಲ್ ಕೊಳ್ಳುವವರಿದ್ದರೆ ಅಂಗಡಿಗೆ ಒಂದು ಅಳತೆ ಟೇಪ್ ತೆಗೆದುಕೊಂಡು ಹೋಗಿ, ಅಂಚಿನಿಂದ ಕಾಲಿನವರೆಗೆ ಹಿಡಿದು ನೋಡಿ. ಆಮೇಲೆ ವೆಲ್ಡಿಂಗ್ ಖರ್ಚು ಉಳಿಯುತ್ತದೆ. ಪ್ಲಾಸ್ಟಿಕ್ ಕುರ್ಚಿಯಲ್ಲಿ ಮಾತ್ರ ಯಾವ ಮಗುವನ್ನೂ ಕೂರಿಸಬೇಡಿ, ಮೊಣಕೈ ತಾಗುತ್ತದೆ.